ಅರ್ಧ ತಾಸಿನ ಯುಗಾದಿ

ಮೆಹನಾಜಳ ಕೈಗೆ ಎಲೆಕ್ಟ್ರಿಕಲ್ ಗುತ್ತಿಗೆದಾರಳ ಲೈಸೆನ್ಸು ಬಂದು ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಅವಳು ಹಗರಿಬೊಮ್ಮನಹಳ್ಳಿಯಲ್ಲಿ ಹದಿನಾರು ಮನೆಗಳಿಗೆ, ಎರಡು ಹಿಟ್ಟಿನ ಗಿರಣಿಗಳಿಗೆ, ಒಂದು ಹಲ್ಲಿನ ದವಾಖಾನೆಗೆ ವೈರಿಂಗ್ ಮುಗಿಸಿದ್ದಳು. ಆದರೆ ಅಪಾರ್ಟ್‌ಮೆಂಟು ಅಂತ ಸಿಕ್ಕಿದ್ದು ಇದೇ ಮೊದಲು. ಸ್ಟೇಶನ್ ರಸ್ತೆಯಲ್ಲಿ ಮೆಕ್ಕೆಜೋಳದ ವ್ಯಾಪಾರಿ ಗುರುಸಂಗಪ್ಪ ಕಟ್ಟಿಸುತ್ತಿದ್ದ ಮೂರು ಅಂತಸ್ತಿನ, ಹನ್ನೆರಡು ಮನೆಗಳ, ಲಿಫ್ಟ್ ಸಮೇತದ ಕಟ್ಟಡ. ಆ ಕೆಲಸ ತನಗೇ ಎಂದು ಗೊತ್ತಾದ ದಿನ ಅವಳು ಸ್ಕೂಟಿ ಹತ್ತಿ, ಸ್ಟ್ಯಾಂಡು ತೆಗೆಯುವುದನ್ನೇ ಮರೆತು, ಗಾಡಿ ಯಾಕೆ ಮುಂದೆ ಹೋಗುತ್ತಿಲ್ಲ ಎಂದು ಅದನ್ನೇ ಬೈದಿದ್ದಳು.

ಐದು ತಿಂಗಳು ದುಡಿದಳು. ಜೊತೆಗೆ ರಾಮಣ್ಣ ಇದ್ದ. ಅವಳಪ್ಪ ದಾವಲ್ ಸಾಬರ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿದ, ತಲೆ ನರೆತ ಮನುಷ್ಯ. ಮನೆ ಮನೆಗೂ ಬೇರೆ ಮೀಟರು, ಲಿಫ್ಟಿಗೂ ನೀರಿನ ಮೋಟರಿಗೂ ಬೇರೆ ಮೀಟರು, ಎಲ್ಲವೂ ನೆಲಮಹಡಿಯಲ್ಲಿ, ರೀಡಿಂಗ್ ತೆಗೆಯುವವರ ಕಣ್ಣಿಗೆ ನಿಲುಕುವ ಎತ್ತರಕ್ಕೆ. ಮೂರು ಫೇಸಿಗೆ ನಾಲ್ಕು ನಾಲ್ಕು ಮನೆಗಳನ್ನು ಸಮನಾಗಿ ಹಂಚಿದಳು. ಹಿತ್ತಲಲ್ಲಿ ಗುಂಡಿ ತೋಡಿಸಿ ಅರ್ತಿಂಗ್ ಇಳಿಸಿದಳು. ನಿಯಮದ ಪುಸ್ತಕದಲ್ಲಿ ಹೇಗಿತ್ತೋ ಹಾಗೆ.

"ಈ ಹುಡುಗಿ ಆ ಪುಸ್ತಕಾನ ತಲಿದಿಂಬಿನ ಕೆಳಗ ಇಟ್ಕೊಂಡು ಮಲಗ್ತಾಳ ನೋಡ್ರಿ" ಎಂದು ರಾಮಣ್ಣ ಗಾರೆ ಕೆಲಸದವರ ಮುಂದೆ ನಗುತ್ತಿದ್ದ. ಅದು ನಿಜವೂ ಆಗಿತ್ತು.

ತೊಡಕು ಬಂದದ್ದು ಕೊನೆಯ ಕಾಗದದಲ್ಲಿ. ವೈರಿಂಗ್ ಮುಗಿದ ಮೇಲೆ, ಕಟ್ಟಡದಲ್ಲಿ ಇಷ್ಟು ಲೋಡು ಇದೆ, ಎಲ್ಲ ಸರಿಯಾಗಿದೆ ಎಂದು ಗುತ್ತಿಗೆದಾರರು ಸಹಿ ಹಾಕಬೇಕು. ಆ ಸಹಿ ಇಲ್ಲದೆ ಕರೆಂಟ್ ಆಫೀಸಿನವರು ಮೀಟರು ಕೂಡಿಸುವುದಿಲ್ಲ. ಗುರುಸಂಗಪ್ಪನ ಮಳಿಗೆಯಲ್ಲಿ ಜೋಳದ ಧೂಳಿನ ನಡುವೆ ಕೂತು ಮೆಹನಾಜ ಅರ್ಜಿ ತಿರುವಿದಳು. ಒಟ್ಟು ಲೋಡು ಎನ್ನುವ ಕಡೆ ಇಪ್ಪತ್ತನಾಲ್ಕು ಕಿಲೋವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

"ಸಾವ್ಕಾರ್ರ, ಇದನ್ನ ಯಾರು ಬರದಿದ್ದು?"

"ನಾನ ಬರದೀನಿ. ಅಕ್ಷರ ಚಂದಿಲ್ಲೇನು?"

"ಅಕ್ಷರ ಚಂದ ಐತ್ರಿ. ಲೆಕ್ಕ ಚಂದಿಲ್ಲ. ಹನ್ನೆರಡು ಮನಿ, ಎಲ್ಲರ ಮನ್ಯಾಗೂ ಗೀಸರು, ಆರು ಮನಿಗೆ ಎ.ಸಿ., ಮ್ಯಾಲೆ ಲಿಫ್ಟು, ನೀರಿನ ಮೋಟ್ರು. ಎಷ್ಟು ಕಡಿಮಿ ಹಿಡದ್ರೂ ಇದರ ಎರಡು ಪಟ್ಟು ಆಗತೈತಿ."

ಗುರುಸಂಗಪ್ಪ ಬಾಗಿಲ ಕಡೆ ಒಮ್ಮೆ ನೋಡಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಐವತ್ತೈದರ, ಗುಂಡುಮೈಯ, ಬಿಳಿ ಅಂಗಿಗೆ ಇಸ್ತ್ರಿ ಕೆಡದಂತೆ ಕೂರುವ ಮನುಷ್ಯ. "ತಂಗಿ, ನೀನ ಹೇಳು. ಅಷ್ಟೂ ಮಂದಿ ಒಂದ ಸಲಕ್ಕ ಎಲ್ಲಾ ಹಚ್ಚತಾರೇನು? ಒಬ್ಬಾಕಿ ಚಾ ಮಾಡೋವಾಗ ಇನ್ನೊಬ್ಬಾಕಿ ಮಲಗಿರ್ತಾಳ."

ಮಾತು ಪೂರ್ತಿ ಸುಳ್ಳಲ್ಲ ಎಂದು ಮೆಹನಾಜಳಿಗೆ ಗೊತ್ತಿತ್ತು. ಎಲ್ಲರೂ ಒಟ್ಟಿಗೆ ಎಲ್ಲವನ್ನೂ ಹಚ್ಚುವುದಿಲ್ಲ ಎಂದು ಪುಸ್ತಕವೇ ಒಂದಿಷ್ಟು ಬಿಟ್ಟುಕೊಡುತ್ತದೆ. ಆದರೆ ಇಷ್ಟು ಬಿಡುವುದಿಲ್ಲ. ಅದಲ್ಲದೆ ಇಪ್ಪತ್ತನಾಲ್ಕೇ ಯಾಕೆ ಎನ್ನುವುದೂ ಅವಳಿಗೆ ಗೊತ್ತಿತ್ತು. ಇನ್ನೊಂದು ಕಿಲೋವ್ಯಾಟ್ ಸೇರಿದರೆ ಮಿತಿ ಮುಟ್ಟುತ್ತದೆ. ಆಗ ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಎಳೆದುಕೊಳ್ಳುವ ಹಾಗಿಲ್ಲ; ಕಟ್ಟಡದವರೇ ತಮ್ಮ ಜಾಗದಲ್ಲಿ, ರಸ್ತೆಯಿಂದ ಲಾರಿ ಬಂದು ನಿಲ್ಲುವ ಕಡೆ, ಬೇರೆ ಟ್ರಾನ್ಸ್‌ಫಾರ್ಮರಿಗೆ ಎಡೆ ಬಿಡಬೇಕು.

"ಜಾಗ ಎಲ್ಲೈತಿ ಹೇಳು" ಎಂದ ಗುರುಸಂಗಪ್ಪ. "ಮುಂದ ಬಲಕ್ಕ ಅವ್ವನ ಎಮ್ಮಿ ಕಟ್ಟೋ ಜಾಗ. ಎಮ್ಮಿ ಇಲ್ದಿದ್ರ ನಾನು ಈ ಕಟ್ಟಡದಾಗ ಕಾಲಿಡಂಗಿಲ್ಲ ಅಂದಾಳ ಅವ್ವ. ಅದನ್ನ ಮುಟ್ಟಾಕ ನನ್ನ ಕೈಲಾಗಲ್ಲ. ನೀನು ಹೋಗಿ ಕೇಳ್ತೀಯೇನು?"

ಮೆಹನಾಜ ಅರ್ಜಿಯನ್ನು ಮೇಜಿನ ಮೇಲೆ ಇಟ್ಟಳು. ಗುರುಸಂಗಪ್ಪನ ತಾಯಿ ಅನ್ನದಾನಮ್ಮನನ್ನು ಐದು ತಿಂಗಳಿಂದ ನೋಡುತ್ತಿದ್ದಳು. ಎಂಬತ್ತು ದಾಟಿದ ಮುದುಕಿ, ಕೈಯಲ್ಲಿ ಕೋಲು. ದಿನಾ ಎರಡು ಹೊತ್ತು ಸುಂದ್ರಿ ಎನ್ನುವ ತನ್ನ ಎಮ್ಮೆಯ ಮೈ ತಿಕ್ಕಲು ಬರುತ್ತಿತ್ತು. ಒಮ್ಮೆ ರಾಮಣ್ಣ ವೈರಿನ ಸುರುಳಿಯನ್ನು ಎಮ್ಮೆಯ ಗೂಟಕ್ಕೆ ಸಿಗಿಸಿದ್ದಕ್ಕೆ ಆ ಕೋಲು ಅವನ ಬೆನ್ನಿನವರೆಗೂ ಬಂದು ನಿಂತಿತ್ತು.

"ಸಹಿ ಹಾಕಾಕ ಆಗಲ್ರಿ ಸಾವ್ಕಾರ್ರ" ಎಂದಳು. ತನ್ನ ದನಿ ಇಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯ.

"ಹಾಕಲಿಲ್ಲ ಅಂದ್ರ ಹಾಕೋರು ಹೊಸಪೇಟಿಯಾಗ ಸಿಗ್ತಾರ" ಎಂದ ಗುರುಸಂಗಪ್ಪ, ಸಿಟ್ಟಿಲ್ಲದೆ.

ಆ ಸಂಜೆ ಅಪ್ಪನ ಅಂಗಡಿಯಲ್ಲಿ ಕೂತು ಅವಳು ಒಂದು ಸುಟ್ಟ ಮೋಟರಿನ ತಾಮ್ರದ ತಂತಿಯನ್ನು ಸುಮ್ಮನೆ ಬಿಚ್ಚುತ್ತಿದ್ದಳು. ದಾವಲ್ ಸಾಬ್ ಕನ್ನಡಕದ ಮೇಲಿಂದ ನೋಡಿದರು.

"ಈ ಮೋಟ್ರು ಯಾಕ ಸುಟ್ಟಿತು ಗೊತ್ತೇನು?"

"ತಾಳಿಕೆಗಿಂತ ಜಾಸ್ತಿ ಎಳದೈತಿ ಅಬ್ಬಾ."

"ಹೂಂ. ಮಾಲೀಕ ಏನಂತಾನ ಗೊತ್ತೇನು? ಇಷ್ಟು ದಿನ ಎಳೀತಿತ್ತಲ್ಲ ಅಂತಾನ." ಅವರು ವಾರ್ನಿಶ್ ಡಬ್ಬಿಯ ಮುಚ್ಚಳ ತಿರುಗಿಸಿದರು.

ಮೆಹನಾಜಳ ಕೈ ನಿಂತಿತು. ಬಾಯಲ್ಲಿ ಹೇಳಿದರೆ ಸಾವ್ಕಾರರಿಗೆ ತಿಳಿಯುವುದಿಲ್ಲ, ಎಳೆದು ತೋರಿಸಬೇಕು. ಆ ಯೋಚನೆ ಬಂದದ್ದೇ ಅವಳಿಗೆ ನಗು ಬಂತು. ಅದು ಎಷ್ಟು ಹುಚ್ಚಾಗಿತ್ತೆಂದರೆ ಅಪ್ಪನಿಗೂ ಹೇಳಲಿಲ್ಲ.

ಮರುದಿನ ಮುಂಜಾನೆ ಮಳಿಗೆ ತೆಗೆಯುವ ಮುಂಚೆಯೇ ಗುರುಸಂಗಪ್ಪನ ಎದುರು ನಿಂತಿದ್ದಳು.

"ಸಾವ್ಕಾರ್ರ, ಎಲ್ಲಾರೂ ಒಂದ ಸಲಕ್ಕ ಹಚ್ಚಂಗಿಲ್ಲ ಅಂದ್ರಿ. ಯುಗಾದಿ ಮುಂಜಾನಿ?"

"ಯುಗಾದಿ ಮುಂಜಾನಿ ಏನು?"

"ಎಲ್ಲಾರೂ ಎಣ್ಣಿ ನೀರು ಹಾಕ್ಕೊಳ್ಳಾಕ ಗೀಸರ್ ಹಚ್ಚತಾರ. ಎಲ್ಲಾರೂ ಹೂರಣ ರುಬ್ಬತಾರ. ಹೊಸ ಅರಿವಿಗೆ ಇಸ್ತ್ರಿ, ಟಿ.ವಿ., ಫ್ಯಾನು. ಬೀಗರು ಬಂದು ಲಿಫ್ಟ್ ಹತ್ತತಾರ. ಒಂದ ಹೊತ್ತಿನಾಗ." ಅವಳು ಉಸಿರು ತೆಗೆದುಕೊಂಡಳು. "ನಾವು ಈಗ ಅರ್ಧ ತಾಸು ಯುಗಾದಿ ಮಾಡೂನ್ರಿ. ಶಾಮಿಯಾನದೋರ ಕಡೆ ಜನರೇಟರ್ ತರಸ್ತೀನಿ, ನೀವು ಬರದಷ್ಟ ಶಕ್ತೀದು. ಇಪ್ಪತ್ತನಾಲ್ಕು. ಅದು ಎಳೀತು ಅಂದ್ರ ಅಲ್ಲೇ ನಿಂತು ಸಹಿ ಹಾಕ್ತೀನಿ."

ಗುರುಸಂಗಪ್ಪ ಹೊಟ್ಟೆ ಕುಣಿಯುವ ಹಾಗೆ ನಕ್ಕ. ದಸರಾ ಮುಗಿದು ಹತ್ತು ದಿನ ಆಗಿಲ್ಲ, ಯುಗಾದಿಯಂತೆ! "ಆಯ್ತು ತಂಗಿ. ಕರೆಂಟ್ ಆಫೀಸಿನ ಮೇಡಂನೂ ನಾನ ಕರೀತೀನಿ. ಅವರೂ ನೋಡಿ ಹೋಗ್ಲಿ."

ಮನೆ ಕೊಂಡವರಿಗೆ ಸುದ್ದಿ ಮುಟ್ಟಿಸಿದವಳು ಎರಡನೇ ಅಂತಸ್ತಿನ ಶಿವಮ್ಮ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದ ಅವಳಿಗೆ ಮಂದಿ ಸೇರಿಸುವುದು ನೀರು ಕುಡಿದಷ್ಟು ಸುಲಭ. ಭಾನುವಾರ ಹತ್ತು ಗಂಟೆಗೆ ಹನ್ನೆರಡೂ ಮನೆಯವರು ಬಂದಿಳಿದರು. ಬರಿಗೈಲಿ ಬಂದರೆ ಹೇಗೆ ಎಂದುಕೊಂಡು ನಿಜವಾಗಿಯೂ ಹಬ್ಬಕ್ಕೆ ಬಂದ ಹಾಗೆ ಬಂದಿದ್ದರು. ಆಟೋದಲ್ಲಿ ಟಿ.ವಿ. ತಂದವರಿದ್ದರು, ತಲೆ ಮೇಲೆ ಗ್ರೈಂಡರ್ ಹೊತ್ತವರಿದ್ದರು. ಶಿವಮ್ಮ ಮೂರು ಸೇರು ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ, ಪಾತೆಲೆ ಸಮೇತ ತಂದಿದ್ದಳು. "ಸುಮ್ನ ಖಾಲಿ ಮಿಕ್ಸಿ ತಿರುಗಿಸಿದ್ರ ಅದೇನು ಹಬ್ಬ?" ಯಾರೋ ಬಾಗಿಲಿಗೆ ಮಾವಿನ ತೋರಣವನ್ನೂ ಕಟ್ಟಿಬಿಟ್ಟಿದ್ದರು.

ಆಫೀಸಿನ ಎಂಜಿನಿಯರ್ ಶಾಂಭವಿ ತನ್ನ ಬೈಕಿನಲ್ಲಿ ಬಂದಳು. ಮೆಹನಾಜಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ತೋರಣ ನೋಡಿ, ಹೂರಣದ ಪಾತೆಲೆ ನೋಡಿ, ಕಡೆಗೆ ಮೆಹನಾಜಳ ಮುಖ ನೋಡಿದಳು. "ಲೋಡ್ ಟೆಸ್ಟ್ ಅಂತ ಕರೆದ್ರು ನನ್ನ?"

"ಇದ ಲೋಡ್ ಟೆಸ್ಟ್ ರೀ ಮೇಡಂ" ಎಂದಳು ಮೆಹನಾಜ. ಶಾಂಭವಿಯ ತುಟಿ ನಗು ತಡೆಯಲು ಪಾಡುಪಟ್ಟಿತು.

ಹೊರಗೆ ಜನರೇಟರ್ ಗುಡುಗುಡು ಶುರುವಾಯಿತು. ರಾಮಣ್ಣ ಅದರ ಪಕ್ಕ ನಿಂತ. ಮೆಹನಾಜ ಮೀಟರುಗಳ ಗೋಡೆಯ ಮುಂದೆ ನಿಂತು ಟಾಂಗ್ ಟೆಸ್ಟರಿನ ಬಾಯಿ ತೆರೆದು ಕೇಬಲ್ಲಿಗೆ ಕಚ್ಚಿಸಿದಳು. ಎಷ್ಟು ಆಂಪ್ಸ್ ಹರಿಯುತ್ತಿದೆ ಎಂದು ಅದು ತೋರಿಸುತ್ತದೆ; ಮೂವತ್ತೈದು ದಾಟಿದರೆ ಈ ಜನರೇಟರ್ ತಾಳುವುದಿಲ್ಲ. ಗುರುಸಂಗಪ್ಪ ಹೊಸ ಪಂಚೆ ಉಟ್ಟು ಬಂದಿದ್ದ. "ನಾನ ಬೀಗ ಅಂತ ತಿಳಕೋರಿ" ಎಂದು ಲಿಫ್ಟ್ ಹೊಕ್ಕು, ಎಲ್ಲರಿಗೂ ಕೈ ಬೀಸಿ, ಮೂರನೇ ಅಂತಸ್ತಿನ ಗುಂಡಿ ಒತ್ತಿದ.

"ಮೊದಲು ಲೈಟು, ಫ್ಯಾನು!" ಮೆಹನಾಜ ಮೆಟ್ಟಿಲ ಸಂದಿಯಿಂದ ಮೇಲಕ್ಕೆ ಕೂಗಿದಳು.

ಕಟ್ಟಡ ಒಮ್ಮೆಲೇ ಬೆಳಗಿತು. ಮೇಲಿನಿಂದ ಚಪ್ಪಾಳೆ. ಆರು ಆಂಪ್ಸ್.

"ಟಿ.ವಿ., ಇಸ್ತ್ರಿ!"

ಹನ್ನೆರಡು ಟಿ.ವಿ.ಗಳು ಹನ್ನೆರಡು ದನಿಯಲ್ಲಿ ಮಾತಾಡತೊಡಗಿದವು. ಹದಿನೆಂಟು. ಲಿಫ್ಟ್ ಮೇಲೆ ಹೋಗಿ ಕೆಳಗೆ ಬಂತು. ಗುರುಸಂಗಪ್ಪ ಗಾಜಿನ ಕಿಂಡಿಯಲ್ಲಿ ಮುಖ ಇಟ್ಟು, "ನೋಡಿದ್ಯಾ? ಏನಾತು?" ಎಂದು ಮತ್ತೆ ಮೇಲಕ್ಕೆ ಹೋದ.

"ಹೂರಣ!"

ಮಿಕ್ಸಿ, ಗ್ರೈಂಡರುಗಳ ಗದ್ದಲಕ್ಕೆ ಮೆಟ್ಟಿಲುಗಳೇ ನಡುಗಿದವು. ಹೊರಗೆ ಜನರೇಟರಿನ ದನಿ ದಪ್ಪವಾಯಿತು. ಇಪ್ಪತ್ತೊಂಬತ್ತು. ಶಾಂಭವಿ ಮೆಹನಾಜಳ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು.

"ನಾಲ್ಕ ನಾಲ್ಕು ಗೀಸರ್ ಹಾಕ್ರಿ! ಮೊದಲು ಕೆಳಗಿನ ಅಂತಸ್ತು!"

ನಾಲ್ಕು ಅಂತ ಕೇಳಿಸಿಕೊಂಡವರು ಯಾರು? ಮೇಲಿನವರಿಗೆ 'ಗೀಸರ್' ಒಂದೇ ಕೇಳಿತು. ಹನ್ನೆರಡೂ ಮನೆಯವರು ಒಟ್ಟಿಗೆ ಹಚ್ಚಿದರು. ಟೆಸ್ಟರಿನ ಅಂಕಿ ಜಿಗಿದು ಮೇಲಕ್ಕೆ ಹಾರಿತು, ಜನರೇಟರ್ ಒಂದು ಸಲ ದೊಡ್ಡದಾಗಿ ಕೆಮ್ಮಿತು, ಬ್ರೇಕರ್ 'ಟಪ್' ಎಂದು ಬಿತ್ತು. ಟಿ.ವಿ.ಗಳು ಮಾತಿನ ನಡುವೆಯೇ ಬಾಯಿ ಮುಚ್ಚಿದವು. ಕಟ್ಟಡ ಗಪ್‌ಚಿಪ್.

ಆ ನಿಶ್ಶಬ್ದದಲ್ಲಿ ಮೊದಲು ಕೇಳಿದ್ದು ಶಿವಮ್ಮನ ದನಿ: "ಅಯ್ಯ, ನನ್ನ ಹೂರಣ!" ಎರಡನೆಯದು, ಒಂದನೇ ಮತ್ತು ಎರಡನೇ ಅಂತಸ್ತಿನ ನಡುವಿನಿಂದ ಬಂತು. "ಮೆಹನಾಜಾ! ಏ ತಂಗೀ! ಲಿಫ್ಟ್ ನಿಂತೈತಿ!"

ಹನ್ನೆರಡು ಮನೆಯವರೂ ಒಟ್ಟಿಗೆ ನಕ್ಕ ಸದ್ದು ಮೆಟ್ಟಿಲಿಂದ ಇಳಿದು ಬಂತು. ಶಾಂಭವಿ ಹೆಲ್ಮೆಟ್ಟನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಮೆಹನಾಜ ನಗಲಿಲ್ಲ, ನಗಲಿಕ್ಕೆ ಹೊತ್ತಿರಲಿಲ್ಲ. ಲಿಫ್ಟಿಗೆ ಗಾಳಿ ಇದೆ, ದಿಗಿಲಿಲ್ಲ ಎಂದು ಕೂಗಿ ಹೇಳಿ, ಮಾಳಿಗೆಯ ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸಿ ಲಿಫ್ಟ್ ಇಳಿಸಲು ರಾಮಣ್ಣನನ್ನು ಓಡಿಸಿ, ತಾನು ಒಂದನೇ ಅಂತಸ್ತಿನ ಲಿಫ್ಟ್ ಬಾಗಿಲಿಗೆ ಓಡಿದಳು. ಅಷ್ಟರಲ್ಲಿ ಕೋಲಿನ ಸದ್ದು ಕೇಳಿತು. ಅನ್ನದಾನಮ್ಮ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಲಿಫ್ಟಿನ ಬಾಗಿಲ ಮುಂದೆ ನಿಂತಿತು.

"ಲೇ ಸಂಗಪ್ಪ, ಒಳಗದೀಯೇನೋ?"

"ಅದೀನವ್ವಾ."

"ಏನಾತು ಇದಕ್ಕ?"

ಒಳಗೆ ಗುರುಸಂಗಪ್ಪ ಕೆಮ್ಮಿದ. ಮುದುಕಿ ಮೆಹನಾಜಳ ಕಡೆ ತಿರುಗಿತು. "ನೀ ಹೇಳವ್ವಾ."

"ಅಮ್ಮಾರ, ಈ ಕಟ್ಟಡಕ್ಕ ಬ್ಯಾರೆ ಟ್ರಾನ್ಸ್‌ಫಾರ್ಮರ್ ಬೇಕು. ಇಲ್ಲಾಂದ್ರ ಹಬ್ಬ ಹುಣ್ಣಿಮಿ ದಿನ ಹಿಂಗ ಆಗತೈತಿ. ಅದನ್ನ ಇಡಾಕ ರಸ್ತಿ ಕಡಿ ಜಾಗ ಬೇಕು. ಜಾಗ ಇಲ್ಲ ಅಂತಾರ ಸಾವ್ಕಾರ್ರು. ನಿಮ್ಮ ಸುಂದ್ರಿ..." ಅವಳು ಅಲ್ಲಿಗೇ ನಿಲ್ಲಿಸಿದಳು.

"ನನ್ನ ಸುಂದ್ರಿ ಏನು ಮಾಡೈತಿ?"

"ಸುಂದ್ರಿ ಜಾಗ ಬಿಟ್ರ ಬ್ಯಾರೆ ಜಾಗಿಲ್ಲಂತ. ನೀವು ಕೊಡಂಗಿಲ್ಲಂತ."

ಅನ್ನದಾನಮ್ಮನ ಕೋಲು ನೆಲಕ್ಕೆ ಕುಟ್ಟಿತು. ಅದು ತನ್ನ ಕಡೆಗೇ ಬರುತ್ತದೆಂದು ಮೆಹನಾಜ ಕಣ್ಣು ಮುಚ್ಚಿದಳು. ಕೋಲು ಹೋಗಿ ಲಿಫ್ಟಿನ ಬಾಗಿಲಿಗೆ ಬಡಿಯಿತು.

"ಲೇ! ನನ್ನನ್ನ ಯಾವಾಗ ಕೇಳಿದ್ಯೋ ನೀನು? ಎಡಗಡಿ ಏನೈತಿ? ನಿನ್ನ ಕಾರಿಗೆ ಗ್ರಾನೈಟ್ ಹಾಸ್ಬೇಕು, ಮ್ಯಾಲೆ ಕಮಾನು ಕಟ್ಟಬೇಕು ಅಂತ ಇಟ್ಕಂಡೀಯಲ್ಲ, ಅದು ಜಾಗಲ್ಲೇನು? ಮೂಕ ದನದ ಹೆಸರು ಹೇಳಿ ಪಾರಾಗ್ತೀಯ?"

ಮೇಲಿನಿಂದ ರಾಮಣ್ಣ ಕೂಗಿದ: "ತಂಗೀ, ಇಳಸ್ಲೇನು?"

"ತಡಿಯೋ ರಾಮಣ್ಣ!" ಎಂದಿತು ಅನ್ನದಾನಮ್ಮ. "ಇವ ಮೊದಲು ಹೇಳ್ಲಿ."

"ಅವ್ವಾ, ಇಲ್ಲಿ ಸೆಕಿ ಆಗಾಕತ್ತೈತಿ."

"ಗ್ರಾನೈಟ್ ಮ್ಯಾಲೆ ತಂಪಿರ್ತೈತೇನು?"

ಮೆಟ್ಟಿಲ ಮೇಲೆ ಸೇರಿದ್ದ ಮಂದಿ ಉಸಿರು ಬಿಗಿ ಹಿಡಿದು ಕೇಳುತ್ತಿತ್ತು. ಹೂರಣ ಹತ್ತಿದ ಕೈಗಳು, ಎಣ್ಣೆ ಹಚ್ಚಿಕೊಂಡ ತಲೆಗಳು. ಯಾರೋ ನಿಜವಾಗಿಯೂ ಸ್ನಾನಕ್ಕೆ ತಯಾರಾಗಿ ಟವೆಲ್ ಸುತ್ತಿಕೊಂಡು ನಿಂತಿದ್ದ. ಲಿಫ್ಟಿನೊಳಗಿಂದ ಒಂದು ನಿಟ್ಟುಸಿರು ಬಂತು.

"ಆಯ್ತವ್ವಾ. ಎಡಗಡಿ ಜಾಗ ಬಿಡ್ತೀನಿ."

"ಕಾಗದದಾಗ ಖರೇ ಬರಿ."

"ಬರೀತೀನಿ."

"ಈ ಹುಡುಗೀನ ಕೇಳಿ ಬರಿ."

"ಕೇಳೇ ಬರೀತೀನವ್ವಾ, ಇಳಸಾಕ ಹೇಳು!"

"ಇಳಸೋ ರಾಮಣ್ಣ" ಎಂದಿತು ಮುದುಕಿ, ದೊಡ್ಡ ಮನಸ್ಸು ಮಾಡಿದ ಹಾಗೆ.

ಬೆವರಿಗೆ ಇಸ್ತ್ರಿ ಪೂರಾ ಕೆಟ್ಟ ಅಂಗಿಯಲ್ಲಿ ಹೊರಬಂದ ಗುರುಸಂಗಪ್ಪ ಯಾರ ಮುಖವನ್ನೂ ನೋಡದೆ ಎರಡು ಹೆಜ್ಜೆ ನಡೆದ. ಆಮೇಲೆ ನಿಂತ. ಅವನ ಹೊಟ್ಟೆ ಮೊದಲು ಕುಣಿಯಿತು, ನಗು ಆಮೇಲೆ ಬಂತು. "ಬೀಗರನ್ನ ಹಿಂಗ ನೋಡ್ಕೊಂತೀರೇನ್ರೀ ನಿಮ್ಮ ಊರಾಗ?" ಎಂದ. ಆಗ ಮೆಹನಾಜ ಲಿಫ್ಟಿನ ಪಕ್ಕದ ಗೋಡೆಗೆ ಆತು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅರೆಬರೆ ನುರಿದ ಹೂರಣವನ್ನು ಬಿಡುವ ಹಾಗಿರಲಿಲ್ಲ. ಅನ್ನದಾನಮ್ಮನ ರುಬ್ಬುವ ಕಲ್ಲು ಎಮ್ಮೆಯ ಪಕ್ಕದಲ್ಲೇ ಇತ್ತು. ನಾಲ್ಕು ಜನ ಹೆಂಗಸರು ಸರದಿಯಲ್ಲಿ ರುಬ್ಬಿದರು, ಶಿವಮ್ಮ ಗ್ಯಾಸಿನ ಒಲೆ ತರಿಸಿದಳು. ಮಧ್ಯಾಹ್ನ ಎರಡಕ್ಕೆ ಅಲ್ಲಿದ್ದವರೆಲ್ಲ ಬಿಸಿ ಹೋಳಿಗೆ ತಿಂದರು. ಶಾಂಭವಿ ಮೂರು ತಿಂದು, "ಇನ್ನೂ ಯಾವುದಾದ್ರೂ ಟೆಸ್ಟ್ ಬಾಕಿ ಐತೇನ್ರಿ?" ಎಂದು ಕೇಳಿದಳು.

ಅರ್ಜಿ ಹೊಸದಾಗಿ ಬರೆದದ್ದು ಮೆಹನಾಜಳ ಅಕ್ಷರದಲ್ಲಿ. ಟ್ರಾನ್ಸ್‌ಫಾರ್ಮರ್ ಬರಲು ಏಳು ವಾರ ಹಿಡಿಯಿತು. ಗೃಹಪ್ರವೇಶಕ್ಕೆ ದಿನ ಗೊತ್ತು ಮಾಡಿಕೊಂಡಿದ್ದ ಇಬ್ಬರು ಅವಳ ಎದುರೇ ಗೊಣಗಿದರು. ಒಬ್ಬನಂತೂ ಸಹಿ ಹಾಕಿದ್ದರೆ ಈ ಹೊತ್ತಿಗೆ ಹಾಲು ಉಕ್ಕಿಸಿರುತ್ತಿದ್ದೆವು ಎಂದ. ಅವಳು ರಾತ್ರಿ ಆ ಮಾತನ್ನೇ ನೆನೆದು ಮಗ್ಗಲು ಬದಲಿಸಿದ್ದೂ ಉಂಟು. ಗುರುಸಂಗಪ್ಪ ಮಾತ್ರ ದಿನಾ ಎಡಗಡೆ ಜಾಗದಲ್ಲಿ ನಿಂತು, ಕಟ್ಟೆ ಎಷ್ಟು ಎತ್ತರ, ಬೇಲಿ ಎಷ್ಟು ದೂರ ಎಂದು ಬಂದುಹೋಗುವವರಿಗೆ ತಾನೇ ಕಂಡುಹಿಡಿದವನಂತೆ ವಿವರಿಸತೊಡಗಿದ್ದ.

ಕರೆಂಟ್ ಬರುವ ದಿನ ಹೊಸ ಸಮಸ್ಯೆ ಹುಟ್ಟಿತು. ಸುಂದ್ರಿಗೂ ಒಂದು ಬಲ್ಬು ಬೇಕು ಎಂದಿತು ಅನ್ನದಾನಮ್ಮ. ಯಾವ ಮೀಟರಿಂದ? ಹನ್ನೆರಡೂ ಮನೆ ಕೂಡಿ ಬಿಲ್ ಕಟ್ಟುವ ಲಿಫ್ಟಿನ ಮೀಟರಿಂದ ಕೊಟ್ಟರೆ ಉಳಿದವರು ಎಮ್ಮೆಯ ಬಿಲ್ ಕಟ್ಟಬೇಕು. ಎಮ್ಮೆಗೇ ಬೇರೆ ಮೀಟರ್ ಎಂದರೆ ಅರ್ಜಿಯಲ್ಲಿ ಗ್ರಾಹಕರ ಹೆಸರೇನು? ಶಾಂಭವಿ ಮತ್ತು ಮೆಹನಾಜ ಟ್ರಾನ್ಸ್‌ಫಾರ್ಮರಿನ ಬೇಲಿಯಾಚೆ ಕುಕ್ಕರುಗಾಲಲ್ಲಿ ಕೂತು ನಿಯಮದ ಪುಸ್ತಕವನ್ನು ಹಾಳೆ ಹಾಳೆ ತಿರುವಿದರು. ಒಬ್ಬಳು ಗಂಭೀರವಾಗಿ ಓದಿದರೆ ಇನ್ನೊಬ್ಬಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಕಡೆಗೆ ಕಟ್ಟಡದಲ್ಲಿ ಗುರುಸಂಗಪ್ಪ ತನಗೆಂದು ಇಟ್ಟುಕೊಂಡ ಮನೆಯ ಮೀಟರಿನಿಂದಲೇ ವೈರು ಎಳೆದರು. ಏಣಿ ಹಿಡಿದು ನಿಂತವನೂ ಅವನೇ.

ಮೆಹನಾಜ ಮೇನ್ ಸ್ವಿಚ್ಚಿನ ಮೇಲೆ ಮುದುಕಿಯ ಕೈ ಇಡಿಸಿ, ಅದರ ಮೇಲೆ ತನ್ನ ಕೈ ಇಟ್ಟು ಎತ್ತಿದಳು. ಮನೆಮನೆಯಲ್ಲೂ ಬೇಕೆಂದೇ ಎಲ್ಲವನ್ನೂ ಒಟ್ಟಿಗೆ ಹಚ್ಚಿದರು. ಹೊರಗೆ ಟ್ರಾನ್ಸ್‌ಫಾರ್ಮರ್ ಸಣ್ಣಗೆ ಗುಂಯ್ ಎನ್ನುತ್ತ ನಿಂತಿತ್ತು. ಏನೂ ಬೀಳಲಿಲ್ಲ. ಅರ್ಧ ತಾಸಾದರೂ ಬೀಳಲಿಲ್ಲ. ಟಾಂಗ್ ಟೆಸ್ಟರ್ ಹಿಡಿದು ಮೂರೂ ಫೇಸ್ ನೋಡಿದ ಶಾಂಭವಿ, "ಎಷ್ಟು ಸಮ ಹಂಚೀಯಲ್ಲ ಮಾರಾಯ್ತಿ" ಎಂದಳು. ಐದು ತಿಂಗಳ ದುಡಿಮೆಯಲ್ಲಿ ಯಾರೂ ನೋಡದ ಕೆಲಸ ಅದು. ಮೆಹನಾಜಳಿಗೆ ಕಿವಿಯವರೆಗೂ ಬಿಸಿಯಾಯಿತು.

ಅಂಗಡಿಗೆ ಹೋದಾಗ ದಾವಲ್ ಸಾಬ್ ಮಗಳ ಮುಖ ನೋಡಿದವರೇ, ಬಿಚ್ಚಿದ ಮೋಟರನ್ನು ಹಾಗೆಯೇ ಬಿಟ್ಟು ಶಟರ್ ಎಳೆದರು. ನಡುಮಧ್ಯಾಹ್ನ, ಅದೂ ಕೆಲಸದ ದಿನ. "ನಡಿ, ಹಂಪಸಾಗರಕ್ಕ ಹೋಗಿ ಮೀನ ತಿಂದು ಬರೂಣು" ಎಂದರು.

ಹೊಳೆಯ ಹಿನ್ನೀರು ದಡದವರೆಗೂ ತುಂಬಿ ಬಿಸಿಲಿಗೆ ಹೊಳೆಯುತ್ತಿತ್ತು. ತಗಡಿನ ಚಪ್ಪರದ ಕೆಳಗೆ ಒಬ್ಬ ಹೆಂಗಸು ಬಾಣಲೆಯಲ್ಲಿ ಮೀನು ಹುರಿಯುತ್ತಿದ್ದಳು. ಇಬ್ಬರೂ ಬೆಂಚಿನ ಮೇಲೆ ಕೂತರು.

"ಈಗ ಹೇಳು" ಎಂದರು ದಾವಲ್ ಸಾಬ್. "ಮೊದಲಿಂದ ಹೇಳು."

ಮೆಹನಾಜ ಬಾಯಿ ತೆರೆದಳು. "ಅಬ್ಬಾ, ಗ್ರಾಹಕರ ಹೆಸರು ಅಂತ ಐತಲ್ಲ ಅರ್ಜಿಯಾಗ..." ಅಷ್ಟೇ. ಮುಂದಕ್ಕೆ ಹೇಳಲಾಗಲಿಲ್ಲ. ನಗು ನುಗ್ಗಿ ಬಂತು. ಮತ್ತೆ ಶುರು ಮಾಡಿದಳು, ಮತ್ತೆ ಅಲ್ಲಿಗೇ ಬಂದು ತಡೆದಳು. ಕಣ್ಣಲ್ಲಿ ನೀರು. ದಾವಲ್ ಸಾಬರಿಗೆ ಇನ್ನೂ ಏನೊಂದೂ ಗೊತ್ತಾಗಿರಲಿಲ್ಲ, ಆದರೂ ಅವರ ಭುಜ ಅಲುಗತೊಡಗಿತು. ತಟ್ಟೆ ತಂದಿಟ್ಟ ಹೆಂಗಸು ಒಮ್ಮೆ ಅವರನ್ನು, ಒಮ್ಮೆ ಮೀನನ್ನು ನೋಡಿ, "ಏನಾತ್ರೀ?" ಎಂದಳು. ಯಾರೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಸಟ್ಟುಗ ಕೈಲಿರುವಂತೆಯೇ ಅವಳೂ ನಗತೊಡಗಿದಳು.